ಎರಡು ವರುಷದ ಕಲಾವ್ಯಾಸಂಗವೂ ವಿಶ್ವವಿದ್ಯಾನಿಲಯದ ದಾರಿಯೂ

(ಹಾರನಹಳ್ಳಿಯಲ್ಲಿ ತಾಯಿತಂದೆಗಳೂ ಉಪಾಧ್ಯಾಯರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಎಸ್.ಎಸ್.ಎಲ್.ಸಿ. ಫಲಿತಾಂಶವು ಹೊರಬಿದ್ದ ಮರುದಿನ ನಮ್ಮ ಹಳ್ಳಿಗಳ ಜಗಲಿಯ ಮೇಲೆ ಒಂದೇ ಮಾತು ಕೇಳಿಬರುತ್ತದೆ: ಎಷ್ಟು ನಂಬರು ಬಂತು, ಸೈನ್ಸು ಸಿಕ್ಕುತ್ತದೆಯೋ ಇಲ್ಲವೋ? ಸೈನ್ಸು ಸಿಕ್ಕದಿದ್ದರೆ ಕಾಮರ್ಸು. ಅದೂ ಆಗದಿದ್ದರೆ ಆರ್ಟ್ಸು. ಜರಡಿಯಲ್ಲಿ ಉಳಿದ ನುಚ್ಚನ್ನು ಬೇರೆ ಮಡಕೆಗೆ ಸುರಿಯುವಂತೆ ಮಕ್ಕಳನ್ನು ಕಲಾವಿಭಾಗಕ್ಕೆ ಸುರಿಯುತ್ತೇವೆ. ಸುರಿದ ಮೇಲೆ ಆ ಮಡಕೆಯ ಕಡೆಗೆ ಮತ್ತೆ ತಿರುಗಿ ನೋಡುವವರಿಲ್ಲ. ಎರಡು ವರುಷ ಕಳೆದ ನಂತರ ಆ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಿಯೂ ಮುಂದಿನ ಬಾಗಿಲು ಯಾವುದೆಂದು ತಿಳಿಯದೆ ನಿಂತರೆ, ‘ಆರ್ಟ್ಸ್ ಓದಿದವನಿಗೆ ಇನ್ನೇನು’ ಎಂದು ಅವನನ್ನೇ ದೂರುತ್ತೇವೆ.

ಈ ದಿನ ನಾವು ಹೇಳಬೇಕೆಂದಿರುವುದು ಇಷ್ಟೆ. ಪಿ.ಯು.ಸಿ.ಯ ಎರಡು ವರುಷದ ಕಲಾವ್ಯಾಸಂಗವು ಕಾಲ ಕಳೆಯುವ ತಂಗುದಾಣವಲ್ಲ. ಅದು ವಿಶ್ವವಿದ್ಯಾನಿಲಯವೆಂಬ ಮನೆಯ ತಳಪಾಯ. ತಳಪಾಯವನ್ನು ತೋಡುವವನು ಮೇಲೆ ಎಂತಹ ಮನೆ ಏಳಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳುತ್ತಾನೆ. ನಮ್ಮಲ್ಲಿ ಕೆಲಸವು ತಲೆಕೆಳಗಾಗಿ ನಡೆಯುತ್ತಿದೆ.

ಈ ಎರಡು ವರುಷದ ವ್ಯಾಸಂಗವು ಹೊಸದಾಗಿ ಬಂದುದಲ್ಲ. ೧೯೧೬ನೆಯ ಇಸವಿ ಜುಲೈ ೨೭ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಆಗ ಅದಕ್ಕೆ ಆಧಾರವಾಗಿದ್ದವು ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎಂಬ ಎರಡು ಹಿರಿಯ ವಿದ್ಯಾಶಾಲೆಗಳು. ಹೈಸ್ಕೂಲಿಗೂ ಬಿ.ಎ.ಗೂ ನಡುವೆ ಒಂದು ಮೆಟ್ಟಿಲು ಬೇಕೆಂಬ ವಿಚಾರವು ಆ ದಿನಗಳಲ್ಲಿ ದೇಶದಲ್ಲೆಲ್ಲ ನಡೆದಿತ್ತು. ೧೯೧೭ರಿಂದ ೧೯೧೯ರವರೆಗೆ ವಿಚಾರಣೆ ನಡೆಸಿದ ಕಲ್ಕತ್ತಾ ವಿಶ್ವವಿದ್ಯಾನಿಲಯದ ಆಯೋಗವು, ಸ್ಯಾಡ್ಲರರ ಅಧ್ಯಕ್ಷತೆಯಲ್ಲಿ, ಇಂಟರ್‌ಮೀಡಿಯೆಟ್ ತರಗತಿಗಳನ್ನು ವಿಶ್ವವಿದ್ಯಾನಿಲಯದಿಂದ ಬೇರ್ಪಡಿಸಿ ಪ್ರತ್ಯೇಕ ಕಾಲೇಜುಗಳಲ್ಲಿ ನಡೆಸಬೇಕೆಂದು ಸಲಹೆಯಿತ್ತಿತು. ನಮ್ಮ ಅಜ್ಜಂದಿರ ಕಾಲದಲ್ಲಿ ‘ಇಂಟರ್ ಪಾಸು’ ಎಂಬುದು ಮರ್ಯಾದೆಯ ಮಾತಾಗಿತ್ತು. ಇಂದಿನ ಪಿ.ಯು.ಸಿ.ಯು ಆ ಮೆಟ್ಟಿಲಿನ ಜಾಗದಲ್ಲಿಯೇ ನಿಂತಿರುವುದು.

ಆದರೆ ಒಂದು ಸಂಗತಿಯನ್ನು ನಾವು ಮರೆಯಬಾರದು. ಒಂದು ಕಾಲೇಜಿನಲ್ಲಿ ಓದಿದ ಎರಡು ವರುಷವನ್ನು ಇನ್ನೊಂದು ವಿಶ್ವವಿದ್ಯಾನಿಲಯವು ಒಪ್ಪಿಕೊಳ್ಳುವುದೆಂಬುದು ಗಾಳಿ ಬೆಳಕಿನಂತೆ ತಾನಾಗಿ ದೊರಕುವ ವಸ್ತುವಲ್ಲ. ಕನ್ನಡಿಗರಾದ ನಮಗೆ ಇದು ಚೆನ್ನಾಗಿ ತಿಳಿದಿರಬೇಕು. ೧೯೫೬ಕ್ಕೆ ಮುಂಚೆ ಕನ್ನಡದ ಮಕ್ಕಳು ನಾಲ್ಕು ದಿಕ್ಕಿಗೆ ಮುಖಮಾಡಿ ಓದುತ್ತಿದ್ದರು. ಮೈಸೂರು ಸಂಸ್ಥಾನದವರಿಗೆ ಮೈಸೂರು. ಧಾರವಾಡ ಬೆಳಗಾವಿಗಳವರಿಗೆ, ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯವು ಹುಟ್ಟುವ ತನಕ, ಮುಂಬಯಿ. ಮಂಗಳೂರು ಬಳ್ಳಾರಿಗಳವರಿಗೆ ಮದರಾಸು. ಕಲಬುರಗಿ ರಾಯಚೂರುಗಳವರಿಗೆ ಹೈದರಾಬಾದಿನ ಉಸ್ಮಾನಿಯಾ, ಅದೂ ಉರ್ದುವಿನ ಮೂಲಕ. ನಮ್ಮ ತಾಲ್ಲೂಕಿನ ಅಂಚಿಗೇ ಹೋಗಿ ನೋಡಿ. ಕೊಪ್ಪದಿಂದ ಕಾವೇರಿಯ ಸೇತುವೆಯನ್ನು ದಾಟಿದರೆ ಕುಶಾಲನಗರ. ಅಂದು ಆ ಸೇತುವೆಯ ಈಚೆಗೆ ಮೈಸೂರು ಸಂಸ್ಥಾನ, ಆಚೆಗೆ ಕೊಡಗೆಂಬ ಬೇರೆ ಪ್ರಾಂತ. ಈ ದಡದ ಹುಡುಗನೂ ಆ ದಡದ ಹುಡುಗನೂ ಒಂದೇ ಸಂತೆಗೆ ಹೋಗುತ್ತಿದ್ದರು. ಒಂದೇ ವಿಶ್ವವಿದ್ಯಾನಿಲಯಕ್ಕೆ ಹೋಗುವುದು ಮಾತ್ರ ಸುಲಭವಾಗಿರಲಿಲ್ಲ. ೧೯೫೬ನೆಯ ನವೆಂಬರ್ ಒಂದರಂದು ಪ್ರಾಂತಗಳು ಒಂದಾದುದರಿಂದ ದೊರೆತ ಫಲಗಳಲ್ಲಿ, ಕನ್ನಡದ ವಿದ್ಯಾರ್ಥಿಯು ಕನ್ನಡನಾಡಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓದಲು ಹೋಗಬಹುದಾದುದೂ ಒಂದು. ಕಾಸರಗೋಡಿನ ಕನ್ನಡ ಮಕ್ಕಳಿಗೆ ಈ ಸೌಲಭ್ಯವು ಪೂರ್ತಿಯಾಗಿ ಒದಗಲಿಲ್ಲ. ಅವರು ಕೇರಳದಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿ ಮಂಗಳೂರಿಗೋ ಮೈಸೂರಿಗೋ ಬರಬೇಕಾದರೆ ಅರ್ಹತಾಪತ್ರ, ವಲಸೆಪತ್ರ ಎಂದು ಕಾಗದಗಳ ಹಿಂದೆ ಓಡಾಡಬೇಕು. ಮನೆಬಾಗಿಲಿಗೆ ದಾರಿಯಿದ್ದವರು ನಾವು ಆ ದಾರಿಯನ್ನು ನಡೆಯದೆ ಹಾಳುಮಾಡುವುದು ನ್ಯಾಯವೆ?

ದೂರದ ಅಮೆರಿಕದ ಮಾತನ್ನೂ ಸ್ವಲ್ಪ ಕೇಳಿ. ಷಿಕಾಗೋ ವಿಶ್ವವಿದ್ಯಾನಿಲಯದ ಮೊದಲನೆಯ ಅಧ್ಯಕ್ಷರಾಗಿದ್ದ ವಿಲಿಯಂ ರೈನಿ ಹಾರ್ಪರರು ನಾಲ್ಕು ವರುಷದ ಪದವಿಯನ್ನು ಎರಡು ಭಾಗಮಾಡಿ, ಮೊದಲಿನ ಎರಡು ವರುಷವನ್ನು ಹುಡುಗನು ತನ್ನ ಊರಿನಲ್ಲಿಯೇ ಓದಬಹುದೆಂದು ಯೋಚಿಸಿದರು. ಆ ಯೋಚನೆಯಿಂದ ೧೯೦೧ರಲ್ಲಿ ಇಲಿನಾಯ್ ಪ್ರಾಂತದ ಜೋಲಿಯೆಟ್ ಎಂಬ ಊರಿನಲ್ಲಿ ಎರಡು ವರುಷದ ಸಾರ್ವಜನಿಕ ಕಾಲೇಜು ಹುಟ್ಟಿತು. ಇಂದು ಆ ದೇಶದಲ್ಲೆಲ್ಲ ಇಂತಹ ಕಾಲೇಜುಗಳಿವೆ. ಬಡವರ ಮಕ್ಕಳು ಕಡಮೆ ಖರ್ಚಿನಲ್ಲಿ ಎರಡು ವರುಷ ಸಾಹಿತ್ಯ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದಿ, ಅಲ್ಲಿಂದ ದೊಡ್ಡ ವಿಶ್ವವಿದ್ಯಾನಿಲಯದ ಮೂರನೆಯ ವರುಷಕ್ಕೆ ಹೋಗುತ್ತಾರೆ. ಆದರೆ ಅಲ್ಲಿಯೂ ಬಹುಮಂದಿಗೆ ಒಂದು ಸಂಕಟವು ಒದಗಿತು. ಇಲ್ಲಿ ಓದಿದ ಪಾಠವನ್ನು ಅಲ್ಲಿಯವರು ಲೆಕ್ಕಕ್ಕೆ ಹಿಡಿಯದೆ ಹೋದರೆ, ಹುಡುಗನ ಕಾಲವೂ ಹಣವೂ ವ್ಯರ್ಥ. ಆದುದರಿಂದಲೇ ಕ್ಯಾಲಿಫೋರ್ನಿಯಾ ಪ್ರಾಂತವು ೨೦೧೦ರಲ್ಲಿ ಶಾಸನವನ್ನೇ ಮಾಡಿ, ವರ್ಗಾವಣೆಗಾಗಿಯೇ ಗೊತ್ತುಪಡಿಸಿದ ಎರಡು ವರುಷದ ಪದವಿಯೊಂದನ್ನು ಏರ್ಪಡಿಸಬೇಕಾಯಿತು. ಅಲ್ಲಿನ ಬುದ್ಧಿವಂತ ವಿದ್ಯಾರ್ಥಿಯು ಮೊದಲು ತಾನು ಸೇರಬೇಕಾದ ವಿಶ್ವವಿದ್ಯಾನಿಲಯದ ನಿಯಮಗಳನ್ನು ಓದುತ್ತಾನೆ. ಅನಂತರ ಹಿಂದಕ್ಕೆ ಎಣಿಸಿಕೊಂಡು ಬಂದು ಮೊದಲನೆಯ ವರುಷದ ಪಾಠಗಳನ್ನು ಆರಿಸಿಕೊಳ್ಳುತ್ತಾನೆ. ನಾವು ಕಲಿಯಬೇಕಾದುದು ಈ ಹಿಂದೆಣಿಕೆಯನ್ನು.

ಹಾಗಾದರೆ ಹಾರನಹಳ್ಳಿಯ ಹುಡುಗನೋ ಹುಡುಗಿಯೋ ಹೇಗೆ ಎಣಿಸಬೇಕು?

ಮೊದಲನೆಯದು, ಸೇರುವ ಮನೆ ಯಾವುದು ಎಂಬ ಪ್ರಶ್ನೆ. ಕಲಾವಿಭಾಗದಿಂದ ಹೊರಡುವ ದಾರಿ ಒಂದೇ ಅಲ್ಲ. ಮೂರು ವರುಷದ ಬಿ.ಎ. ಓದಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡುವುದು ಒಂದು ದಾರಿ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರಗಳಲ್ಲಿ ಸರ್ಕಾರದ ಪ್ರಥಮದರ್ಜೆ ಕಾಲೇಜುಗಳಿರುವುದರಿಂದ ಈ ದಾರಿಯು ಬಡವನಿಗೂ ನಿಲುಕುವುದು. ಉಪಾಧ್ಯಾಯನಾಗಬೇಕೆಂಬವನಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎ.ಯನ್ನೂ ಬಿ.ಎಡ್.ಅನ್ನೂ ಕೂಡಿಸಿದ ನಾಲ್ಕು ವರುಷದ ವ್ಯಾಸಂಗವಿದೆ. ಅದಕ್ಕೆ ಪ್ರತ್ಯೇಕ ಪ್ರವೇಶ ಪರೀಕ್ಷೆಯುಂಟು. ನಮ್ಮ ವೃತ್ತಿಯಾದ ವಕೀಲಿಕೆಗೆ ಪಿ.ಯು.ಸಿ.ಯಾದೊಡನೆಯೇ ಐದು ವರುಷದ ಕಾನೂನು ಪದವಿಗೆ ಸೇರಬಹುದು. ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಶೇಕಡ ೪೫, ಹಿಂದುಳಿದ ವರ್ಗದವರಿಗೆ ೪೨, ಪರಿಶಿಷ್ಟರಿಗೆ ೪೦ ಅಂಕಗಳು ಬೇಕು. ‘ಪಾಸಾದರೆ ಸಾಕು’ ಎಂದು ಎರಡು ವರುಷ ಓದಿದವನ ಮುಂದೆ ಈ ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನು ಕಲಬುರಗಿಯ ಬಳಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯವಾಗಲಿ ದೆಹಲಿಯಾಗಲಿ ಬೇಕೆಂದರೆ, ೨೦೨೨ರಿಂದ ನಡೆಯುತ್ತಿರುವ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಕೊಡಬೇಕು. ಆ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದೆಂಬುದು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಬಾಗಿಲಿದ್ದೂ ಅದರ ಸುದ್ದಿಯು ಬರದಿದ್ದರೆ, ಆ ಬಾಗಿಲು ಇಲ್ಲದಂತೆಯೇ.

ಎರಡನೆಯದು ವಿಷಯಗಳ ಆಯ್ಕೆ. ಪಿ.ಯು.ಸಿ.ಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಎಚ್.ಇ.ಪಿ.ಎಸ್. ಎಂಬ ಕಟ್ಟು ಎಲ್ಲ ಕಡೆಯೂ ಪ್ರಸಿದ್ಧವಾದುದು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಕೆಲವೆಡೆ ಸಮಾಜಶಾಸ್ತ್ರದ ಬದಲು ಭೂಗೋಳವೋ ಐಚ್ಛಿಕ ಕನ್ನಡವೋ ದೊರೆಯುವುದು. ಗೆಳೆಯನು ತೆಗೆದುಕೊಂಡನೆಂದು ತೆಗೆದುಕೊಳ್ಳುವುದು ಆಯ್ಕೆಯಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ ಅಧ್ಯಾಪಕನಾಗಬೇಕೆಂಬ ಹಂಬಲವುಳ್ಳವನು ಐಚ್ಛಿಕ ಕನ್ನಡವಿರುವ ಕಾಲೇಜನ್ನು ಹುಡುಕಿಕೊಂಡು ಹೋಗಬೇಕು. ಸರ್ಕಾರದ ನೌಕರಿಯ ಸ್ಪರ್ಧಾಪರೀಕ್ಷೆಗಳ ಮೇಲೆ ಕಣ್ಣಿಟ್ಟವನಿಗೆ ಇತಿಹಾಸ, ರಾಜ್ಯಶಾಸ್ತ್ರ, ಭೂಗೋಳಗಳು ಕೈಹಿಡಿಯುವುವು. ಅರ್ಥಶಾಸ್ತ್ರವನ್ನು ಹಿಡಿದವನು ಗಣಿತವನ್ನು ಪೂರ್ತಿಯಾಗಿ ಕೈಬಿಡಬಾರದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಆನರ್ಸಿಗೆ ಗಣಿತವು ಕಡ್ಡಾಯ, ಇಲ್ಲಿಯೂ ಎಂ.ಎ.ಗೆ ಬಂದಾಗ ಲೆಕ್ಕವಿಲ್ಲದ ಅರ್ಥಶಾಸ್ತ್ರವು ಮುಂದಕ್ಕೆ ಸಾಗುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಬಿಟ್ಟುದನ್ನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಹೊಸದಾಗಿ ಕಲಿಯುವುದು ಬಹು ಕಷ್ಟ.

ಮೂರನೆಯದು ಭಾಷೆ. ನಂಬರು ಸುಲಭವಾಗಿ ಬೀಳುತ್ತದೆಂದು ಕನ್ನಡವನ್ನು ಬಿಟ್ಟು ಬೇರೊಂದು ಭಾಷೆಯನ್ನು ಹಿಡಿಯುವ ಚಾಳಿಯು ಪಟ್ಟಣಗಳಿಂದ ಹಳ್ಳಿಗೂ ಇಳಿಯುತ್ತಿದೆ. ಕಲಾವಿದ್ಯಾರ್ಥಿಗೆ ಇದು ತನ್ನ ಕಾಲನ್ನು ತಾನೇ ಕಡಿದುಕೊಳ್ಳುವ ಕೆಲಸ. ಇತಿಹಾಸವಾಗಲಿ ರಾಜ್ಯಶಾಸ್ತ್ರವಾಗಲಿ, ಕೊನೆಗೆ ಅದು ತಿಳಿದುದನ್ನು ಸ್ಪಷ್ಟವಾಗಿ ಬರೆಯುವ ವಿದ್ಯೆ. ತಾಯ್ನುಡಿಯಲ್ಲಿ ಒಂದು ಪುಟವನ್ನು ತಪ್ಪಿಲ್ಲದೆ ಬರೆಯಲಾರದವನು ಬೇರೆ ಯಾವ ನುಡಿಯಲ್ಲಿ ಬರೆದಾನು? ಅದರಂತೆಯೇ ಇಂಗ್ಲಿಷನ್ನು ದ್ವೇಷಿಸುವುದೂ ಸಲ್ಲದು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನು ವಿಶ್ವವಿದ್ಯಾನಿಲಯದ ಗ್ರಂಥಭಂಡಾರಕ್ಕೆ ಹೋದ ಮೊದಲನೆಯ ದಿನವೇ ಇಂಗ್ಲಿಷ್ ಪುಸ್ತಕಗಳ ಸಾಲು ಅವನನ್ನು ಎದುರಿಸುತ್ತದೆ. ಆ ದಿನಕ್ಕಾಗಿ ಈ ಎರಡು ವರುಷದಲ್ಲಿಯೇ ದಿನಕ್ಕೊಂದು ಪುಟವನ್ನು ಇಂಗ್ಲಿಷಿನಲ್ಲಿ ಓದಿ, ಅದರ ಸಾರವನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ ರೂಢಿ ಮಾಡಬೇಕು. ಇದಕ್ಕೆ ಖರ್ಚು ಒಂದು ನೋಟುಪುಸ್ತಕ ಮಾತ್ರ. ಫಲವಾದರೋ ಎರಡು ಭಾಷೆಗಳೂ ಕೈವಶವಾಗುವುದು.

ನಾಲ್ಕನೆಯದು ಕಾಲ. ಇದು ನಮ್ಮ ಸೀಮೆಗೇ ಸೇರಿದ ಮಾತು. ಆದುದರಿಂದ ಮನಸ್ಸಿಟ್ಟು ಕೇಳಬೇಕು. ಪಿರಿಯಾಪಟ್ಟಣ, ಹುಣಸೂರು, ಕೋಟೆಗಳ ಕಡೆ ಹೊಗೆಸೊಪ್ಪು ನಮ್ಮ ಹಣದ ಬೆಳೆ. ಕಾಲೇಜು ತೆರೆಯುವುದು ಜೂನ್ ತಿಂಗಳಲ್ಲಿ. ಜುಲೈಯಿಂದ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನ ಮುಂದೆ ರಾತ್ರಿಯೆಲ್ಲ ಬೆಂಕಿ ಕಾಯುವುದು. ಆಳು ಸಿಕ್ಕದಾಗ ಮನೆಯ ಮಗನೇ ಆಳು, ಮಗಳೇ ಆಳು. ಸೊಪ್ಪು ಹರಾಜಿನ ಕಟ್ಟೆಗೆ ಹೋಗುವ ಹೊತ್ತಿಗೆ ಮೊದಲಿನ ಪಾಠಗಳೆಲ್ಲ ಮುಗಿದು ಹೋಗಿರುತ್ತವೆ. ಕಾಲೇಜಿನ ನಿಯಮವು ಶೇಕಡ ೭೫ರ ಹಾಜರಿಯನ್ನು ಕೇಳುತ್ತದೆ. ಬ್ಯಾರನ್ನಿನ ಬೆಂಕಿಯು ಆ ನಿಯಮವನ್ನು ಕೇಳುವುದಿಲ್ಲ. ಮನೆಯ ಕೆಲಸವನ್ನು ಮಾಡಬಾರದೆಂದು ನಾವು ಹೇಳಲಾರೆವು. ಆ ಬೆಳೆಯ ಹಣದಿಂದಲೇ ಕಾಲೇಜಿನ ಶುಲ್ಕವೂ ಸಲ್ಲಬೇಕಲ್ಲ. ಆದರೆ ಮನೆಯಲ್ಲಿ ಒಂದು ಕಟ್ಟಳೆಯಿರಲಿ: ರಾತ್ರಿ ಬೆಂಕಿ ಕಾಯ್ದವನು ಮರುದಿನ ತರಗತಿಗೆ ಹೋಗಬೇಕಾಗಿದ್ದರೆ, ಎರಡನೆಯ ರಾತ್ರಿ ಅವನನ್ನು ಕೂರಿಸಬೇಡಿ. ಹೋಗಲಾರದ ದಿನದ ಪಾಠವನ್ನು ಆ ವಾರದಲ್ಲಿಯೇ ಗೆಳೆಯನಿಂದ ಬರೆದುಕೊಳ್ಳಲಿ. ನಾಲ್ಕು ತಿಂಗಳ ಬಾಕಿಯನ್ನು ಫೆಬ್ರವರಿಯಲ್ಲಿ ತೀರಿಸುವೆನೆಂಬವನಿಗೆ ಪರೀಕ್ಷೆಯು ಬಡ್ಡಿ ಸಹಿತ ವಸೂಲುಮಾಡುತ್ತದೆ.

ಐದನೆಯದು ಹಣ. ‘ಮೈಸೂರಿನಲ್ಲಿ ಓದಿಸಲು ನಮ್ಮಿಂದ ಆಗುವುದೆ?’ ಎಂದು ಕೇಳುವ ತಾಯಂದಿರಿಗೆ ನಮ್ಮ ಉತ್ತರವಿದು. ೨೦೨೩ನೆಯ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಹಣವು ಬೇಕಿಲ್ಲದಂತಾಯಿತು. ದೂರವು ದೊಡ್ಡದೆಂದು ಮಗಳ ಓದನ್ನು ಎರಡು ವರುಷಕ್ಕೆ ನಿಲ್ಲಿಸುವವರು ಹೇಳುತ್ತಿದ್ದ ಒಂದು ನೆಪವು ಇದರಿಂದ ಕಡಿದುಹೋಯಿತು. ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳವರಿಗೂ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿವೆ. ಅಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯು ತಿಂಗಳಿಗೆ ೧,೫೦೦ ರೂಪಾಯಿಯಂತೆ ಹತ್ತು ತಿಂಗಳ ನೆರವನ್ನು ಗೊತ್ತುಮಾಡಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಹಿಂದುಳಿದವರ ಓದಿಗಾಗಿ ಪಟ್ಟ ಶ್ರಮವನ್ನು ಕುರಿತು ಸಭೆಗಳಲ್ಲಿ ಹೊಗಳುತ್ತೇವೆ. ಅರ್ಜಿಯ ಕೊನೆಯ ದಿನಾಂಕವನ್ನು ಮಾತ್ರ ಮರೆಯುತ್ತೇವೆ. ಜಾತಿ ಮತ್ತು ಆದಾಯದ ಪತ್ರಗಳನ್ನು ಫಲಿತಾಂಶಕ್ಕೆ ಮುಂಚೆಯೇ ನಾಡಕಚೇರಿಯಿಂದ ಮಾಡಿಸಿಡಬೇಕು. ಅರ್ಜಿಯಲ್ಲಿ, ಆಧಾರಿನಲ್ಲಿ, ಅಂಕಪಟ್ಟಿಯಲ್ಲಿ ಹುಡುಗನ ಹೆಸರು ಒಂದೇ ರೀತಿಯಾಗಿರಬೇಕು. ಇದು ಚಿಕ್ಕ ಮಾತೆಂದು ತೋರಬಹುದು. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ವರುಷದ ವಿದ್ಯಾರ್ಥಿವೇತನವು ನಿಂತುಹೋಗುವುದುಂಟು.

ಈಗ ವಕೀಲರಾಗಿ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ಪದವಿಯ ನಿಯಮಗಳು ಈಚಿನ ವರುಷಗಳಲ್ಲಿ ಬಹಳ ಸಲ ಬದಲಾಗಿವೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯವು ೨೦೨೧-೨೨ರಲ್ಲಿ ಆಚರಣೆಗೆ ತಂದಾಗ, ಒಂದು ವರುಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡು ವರುಷಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಏರ್ಪಾಡು ಬಂದಿತು. ಓದಿದ ಪಾಠದ ಅಂಶಗಳನ್ನು ಬ್ಯಾಂಕಿನಲ್ಲಿ ಹಣವನ್ನಿಟ್ಟಂತೆ ಕ್ರೆಡಿಟ್ ಎಂಬ ಹೆಸರಿನಲ್ಲಿ ಜಮೆಯಿಟ್ಟು, ಏಳು ವರುಷದೊಳಗೆ ಬೇರೊಂದು ವಿದ್ಯಾಸಂಸ್ಥೆಯಲ್ಲಿ ಮುಂದುವರಿಸುವ ಕ್ರಮವನ್ನು ಯು.ಜಿ.ಸಿ.ಯು ೨೦೨೧ರಲ್ಲಿಯೇ ಪ್ರಕಟಿಸಿತು. ಆದರೆ ೨೦೨೪-೨೫ರಿಂದ ರಾಜ್ಯವು ನಾಲ್ಕು ವರುಷದ ಕ್ರಮವನ್ನು ಬಿಟ್ಟು ಮೂರು ವರುಷದ ಪದವಿಗೆ ಹಿಂತಿರುಗಿತು. ಅಣ್ಣನು ಒಂದು ನಿಯಮದಲ್ಲಿ ಓದಿದನೆಂದು ತಮ್ಮನಿಗೂ ಅದೇ ನಿಯಮವೆಂದು ತಿಳಿಯಬೇಡಿ. ಯಾವ ವರುಷ ಸೇರಿದನೋ ಆ ವರುಷದ ನಿಯಮವೇ ಅವನಿಗೆ ಕಾನೂನು. ಅದನ್ನು ಕಾಲೇಜಿನ ಕಚೇರಿಯಿಂದ ಬರಹದಲ್ಲಿ ಪಡೆಯಿರಿ, ಬಾಯಿಮಾತನ್ನು ನಂಬಬೇಡಿ.

‘ಎರಡು ವರುಷ ಓದಿ ಬಿಟ್ಟರೂ ಒಂದು ಕಾಗದ ಬರುತ್ತದಲ್ಲ’ ಎಂಬ ಆಶೆಯೂ ಅಪಾಯಕರವಾದುದು. ಹೊರಗೆ ಹೋಗುವ ಬಾಗಿಲನ್ನು ತೆರೆದಿಟ್ಟರೆ ಅದರಲ್ಲಿ ಮೊದಲು ಹೊರಡುವವರು ಬಡವರ ಮಕ್ಕಳು, ಅವರಲ್ಲಿಯೂ ಹೆಣ್ಣುಮಕ್ಕಳು. ಮತ್ತೆ ಒಳಗೆ ಬರುವ ಹಕ್ಕು ಕಾಗದದ ಮೇಲಿರುತ್ತದೆ. ಬರುವ ಶಕ್ತಿಯು ಮನೆಯಲ್ಲಿ ಉಳಿದಿರುವುದಿಲ್ಲ.

ವಿಶ್ವವಿದ್ಯಾನಿಲಯ ಯಾವುದೆಂಬುದನ್ನೂ ವಿಚಾರಿಸಬೇಕು. ೨೦೨೩ರಲ್ಲಿ ಕೊಡಗಿಗೆ ಪ್ರತ್ಯೇಕವಾದ ವಿಶ್ವವಿದ್ಯಾನಿಲಯವಾಯಿತು. ಹೊಸದಾಗಿ ಸ್ಥಾಪಿಸಿದ ವಿಶ್ವವಿದ್ಯಾನಿಲಯಗಳಲ್ಲಿ ಹಲವನ್ನು ಮುಚ್ಚುವ ವಿಚಾರವು ೨೦೨೫ರಲ್ಲಿ ಸರ್ಕಾರದ ಮುಂದೆ ಬಂದಿತು. ಕುಶಾಲನಗರವು ನಮಗೆ ಹತ್ತಿರ, ಮೈಸೂರು ದೂರ ಎಂಬುದಷ್ಟರಿಂದಲೇ ತೀರ್ಮಾನಿಸದೆ, ತಾನು ಸೇರುವ ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದೆ, ಪದವಿಪತ್ರದ ಮೇಲೆ ಯಾರ ಮುದ್ರೆ ಬೀಳುತ್ತದೆ ಎಂಬುದನ್ನು ಕೇಳಿ ತಿಳಿಯಬೇಕು. ದೂರಶಿಕ್ಷಣದಲ್ಲಿ ಓದುವವರು ಇನ್ನಷ್ಟು ಎಚ್ಚರವಾಗಿರಬೇಕು. ೧೯೯೬ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ಸಾವಿರಾರು ಬಡವರ ಕೈಹಿಡಿದ ಸಂಸ್ಥೆ. ಆದರೂ ೨೦೧೩-೧೪ರಿಂದ ಕೆಲವು ವರುಷ ಅದಕ್ಕೆ ಯು.ಜಿ.ಸಿ.ಯ ಮಾನ್ಯತೆಯಿಲ್ಲದೆ ವಿದ್ಯಾರ್ಥಿಗಳು ತೊಳಲಾಡಿದರು. ೨೦೧೮ರಲ್ಲಿ ಮಾನ್ಯತೆಯು ಮತ್ತೆ ದೊರೆಯಿತು. ನಡುವೆ ಕಳೆದ ವರುಷಗಳನ್ನು ಯಾರು ಹಿಂದಕ್ಕೆ ಕೊಡಬಲ್ಲರು? ಸೇರುವ ಮುನ್ನ ಮಾನ್ಯತೆಯನ್ನು ನೋಡುವುದು ಅವಿಶ್ವಾಸದ ಗುರುತಲ್ಲ, ವಿವೇಕದ ಗುರುತು.

ಇರಲಿ. ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ನಾವೇ ಎತ್ತುತ್ತೇವೆ: ಇದೆಲ್ಲ ಸರಿ, ಇತಿಹಾಸವನ್ನು ಓದಿದರೆ ಹೊಟ್ಟೆ ತುಂಬುವುದೆ? ನಿಜವನ್ನೇ ಹೇಳೋಣ. ಪರೀಕ್ಷೆಗೆ ಮುಂಚಿನ ಹದಿನೈದು ದಿನ ಗೈಡನ್ನು ಉರುಹಚ್ಚಿದ ಬಿ.ಎ.ಯಿಂದ ಹೊಟ್ಟೆ ತುಂಬುವುದಿಲ್ಲ. ಆದರೆ ಹಾಗೆ ಓದಿದ ಸೈನ್ಸಿನಿಂದಲೂ ತುಂಬುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಓದಿದ ಎಂ.ಎನ್. ಶ್ರೀನಿವಾಸರು, ನಮ್ಮ ನೆರೆಯ ಕೊಡವರ ಬಾಳನ್ನು ಅಭ್ಯಾಸಮಾಡಿ ೧೯೫೨ರಲ್ಲಿ ಪ್ರಕಟಿಸಿದ ಗ್ರಂಥದಿಂದ ಜಗತ್ತಿನ ವಿದ್ವಾಂಸರ ಗೌರವಕ್ಕೆ ಪಾತ್ರರಾದರು. ಸೇತುವೆಯಾಚೆಯ ಜನರ ಹಬ್ಬಹುಣ್ಣಿಮೆಗಳನ್ನು ನಾವು ದಿನವೂ ನೋಡುತ್ತಿದ್ದೆವು. ಅವುಗಳಲ್ಲಿ ಶಾಸ್ತ್ರವಿದೆಯೆಂದು ಕಂಡುದು ಓದಿದ ಕಣ್ಣು. ಆರ್.ಕೆ. ನಾರಾಯಣರು ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದವರು; ಅನಂತರ ಅದೇ ಮಹಾರಾಜಾ ಕಾಲೇಜಿನಿಂದ ಬಿ.ಎ. ಮಾಡಿದರು. ಆದುದರಿಂದ ಒಂದು ಪರೀಕ್ಷೆಯಲ್ಲಿ ಬಿದ್ದ ಮಗುವನ್ನು ಬೀಳಿಸಿಯೇ ಇಡಬೇಡಿ.

ನಮ್ಮ ತಾಲ್ಲೂಕಿನ ಬೈಲಕುಪ್ಪೆಗೆ ೧೯೬೦ರ ಸುಮಾರಿಗೆ ಟಿಬೆಟ್ಟಿನ ನಿರಾಶ್ರಿತರು ಬಂದರು. ನೆಲವನ್ನು ಕಳೆದುಕೊಂಡು ಬಂದ ಆ ಜನ ಕಾಡನ್ನು ಕಡಿದು ಜೋಳವನ್ನು ಬಿತ್ತುವುದರೊಡನೆ ತಮ್ಮ ವಿದ್ಯಾಪೀಠಗಳನ್ನೂ ಕಟ್ಟಿಕೊಂಡರು. ಅಲ್ಲಿ ತರ್ಕವನ್ನೂ ದರ್ಶನವನ್ನೂ ಹತ್ತು ಹದಿನೈದು ವರುಷ ಓದುವವರಿದ್ದಾರೆ. ಹೊಟ್ಟೆಪಾಡಿನ ನಡುವೆಯೂ ವಿದ್ಯೆಯನ್ನು ಬಿಡದವರು ನಮ್ಮ ಕಣ್ಣಿನ ಮುಂದೆಯೇ ಇರುವಾಗ, ಎರಡು ವರುಷದ ಓದು ನಮಗೆ ಭಾರವೆ?

ಉಪಾಧ್ಯಾಯ ಮಿತ್ರರಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ಫಲಿತಾಂಶವು ಬಂದ ವಾರದಲ್ಲಿ ಒಂದು ಭಾನುವಾರವನ್ನು ಊರಿಗೆ ಕೊಡಿ. ಶಾಲೆಯಲ್ಲಿಯಾಗಲಿ ಪಂಚಾಯತಿಯ ಅರಿವು ಕೇಂದ್ರದಲ್ಲಿಯಾಗಲಿ ಒಂದು ಮೇಜನ್ನು ಹಾಕಿ ಕುಳಿತುಕೊಳ್ಳಿ. ಪ್ರತಿಯೊಂದು ಮಗುವಿನ ಹೆಸರಿನ ಮುಂದೆ ಐದು ಅಂಕಣಗಳಿರಲಿ: ಎಲ್ಲಿಗೆ ಸೇರಬೇಕೆಂದಿದೆ, ಅಲ್ಲಿಗೆ ಬೇಕಾದ ಅಂಕವೆಷ್ಟು, ಪ್ರವೇಶ ಪರೀಕ್ಷೆಯಿದೆಯೆ, ಈಗ ತೆಗೆದುಕೊಳ್ಳಬೇಕಾದ ನಾಲ್ಕು ವಿಷಯಗಳಾವುವು, ವಿದ್ಯಾರ್ಥಿನಿಲಯಕ್ಕೂ ವೇತನಕ್ಕೂ ಅರ್ಜಿ ಹಾಕಿದೆಯೆ. ಇಷ್ಟೆ. ಈ ಪುಸ್ತಕವನ್ನು ಮುಂದಿನ ವರುಷವೂ ಅದರ ಮುಂದಿನ ವರುಷವೂ ತೆರೆದು ನೋಡಿ, ಯಾವ ಮಗುವು ದಾರಿಯಲ್ಲಿ ನಿಂತಿದೆಯೆಂದು ತಿಳಿಯಿರಿ. ನಿಂತವರ ಮನೆಗೆ ಒಮ್ಮೆ ಹೋಗಿ ಬನ್ನಿ. ಸರ್ಕಾರದ ಹತ್ತು ಸುತ್ತೋಲೆಗಳು ಮಾಡಲಾರದ ಕೆಲಸವನ್ನು ಮೇಷ್ಟರು ಜಗಲಿಯ ಮೇಲೆ ಕುಳಿತು ಆಡಿದ ಒಂದು ಮಾತು ಮಾಡುತ್ತದೆ.

ತಾಯಿತಂದೆಗಳೆ, ಪ್ರಾಂತಗಳನ್ನು ಒಂದುಗೂಡಿಸಿದ ಹಿರಿಯರು ನಮಗೆ ಅಖಂಡವಾದ ನಾಡನ್ನೂ ಅದರೊಳಗೆ ಅನೇಕ ವಿದ್ಯಾಮಂದಿರಗಳನ್ನೂ ಬಿಟ್ಟುಹೋಗಿದ್ದಾರೆ. ಆ ಮಂದಿರಗಳಿಗೆ ನಮ್ಮ ಹಳ್ಳಿಯ ಮಕ್ಕಳು ಅನುಕಂಪದ ಸಲುಗೆಯಿಂದ ಹೋಗಬಾರದು. ಅರ್ಹತೆಯ ಹಕ್ಕಿನಿಂದ ಹೋಗಬೇಕು. ಈ ಜೂನ್ ತಿಂಗಳಲ್ಲಿ ಅರ್ಜಿಯನ್ನು ತುಂಬುವಾಗ ‘ಯಾವುದು ಸಿಕ್ಕುತ್ತದೆ’ ಎಂದು ಕೇಳುವುದನ್ನು ಬಿಟ್ಟು ‘ಎಲ್ಲಿಗೆ ಹೋಗಬೇಕು’ ಎಂದು ಮಗುವನ್ನು ಕೇಳಿರಿ. ಉತ್ತರವು ಕೂಡಲೆ ಬರದಿದ್ದರೆ ಒಂದು ವಾರ ಕಾಯಿರಿ. ಆ ಒಂದು ವಾರದ ವಿಚಾರವು ಎರಡು ವರುಷವನ್ನೂ, ಅದರ ಮುಂದಿನ ಬಾಳನ್ನೂ ಉಳಿಸುವುದು.